ತೊಗರಿಕಾಳು ಬಂದೂಕಿನ ಮಾನಪ್ಪ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು, ಆ ಅಜ್ಜಿಗೆ ಯಾರು ಹೇಳಿದರೋ. ಒಂದು ಗುಡ್ಡದ ಬುಡದಲ್ಲಿ ಒಂದು ಊರು. ಊರಿನ ಹೆಸರು ಕವಳಿಹಾಳ. ಗುಡ್ಡದ ಹೆಸರು ಓಗುಡ್ಡ.

ಓಗುಡ್ಡ ಯಾಕೆಂದರೆ, ಕರೆದರೆ ಅದು ಓ ಅನ್ನುತ್ತಿತ್ತು. ಕುರಿ ಕಾಯುವವರು ಕೆಳಗೆ ನಿಂತು ಒಂದು ಕೂಗು ಹಾಕಿದರೆ ಅದೇ ಕೂಗನ್ನು ಮೇಲಿಂದ ತಿರುಗಿ ಕೊಡುತ್ತಿತ್ತು. ಎಲ್ಲ ಗುಡ್ಡಗಳೂ ಕೊಡುತ್ತವೆ, ಅದರಲ್ಲೇನು ಅನ್ನಬಹುದು ನೀವು. ಕೊಡುತ್ತವೆ, ಹೌದು. ಆದರೆ ಓಗುಡ್ಡ ಕೆಲವನ್ನು ಕೊಡುತ್ತಿರಲಿಲ್ಲ. ಇಟ್ಟುಕೊಳ್ಳುತ್ತಿತ್ತು.

ಆ ಊರಿನಲ್ಲಿ ಮಾನಪ್ಪ ಅಂತ ಒಬ್ಬ ಕಮ್ಮಾರ ಇದ್ದನಂತೆ. ನೇಗಿಲ ಕುಡ, ಕುಡುಗೋಲು, ಬಂಡಿಗಾಲಿಯ ಪಟ್ಟಾ ಎಲ್ಲ ಮಾಡುತ್ತಿದ್ದ. ಆದರೆ ಹೆಸರು ಬಂದದ್ದು ಬಂದೂಕಿನಿಂದ. ಸುತ್ತಲ ಏಳು ಹಳ್ಳಿಯವರು ಬಂದೂಕು ಆರಿಸಿಕೊಳ್ಳಲು ಅವನ ಕುಲುಮೆಗೆ ಬರುತ್ತಿದ್ದರಂತೆ. ಮಾಡುವುದು ಯಾವ ಕಮ್ಮಾರನಿಗಾದರೂ ಬಂದೀತು, ಆರಿಸುವುದು ಬರುವುದಿಲ್ಲ ಅನ್ನುತ್ತಿದ್ದನಂತೆ ಅವನು. ಹುಡುಗನನ್ನು ನೋಡಿ ಹುಡುಗಿಯನ್ನು ನೋಡುವ ಹಾಗೆ, ಹೆಗಲು ನೋಡಿ ಬಂದೂಕು ನೋಡಬೇಕು.

ಬಂದವರನ್ನು ಕೂಡಿಸಿ ನೀರು ಕೊಟ್ಟು ಮೊದಲು ಕೇಳುವುದು ಒಂದೇ ಮಾತು.

"ಮನ್ಯಾಗ ಎಷ್ಟ ಮಂದಿ ಉಣ್ಣಾವ್ರು?"

ಬಂದವರು ಹಂದಿಯ ಮಾತು ಆಡುತ್ತಿದ್ದರು, ಚಿಗರಿ ಜಿಂಕೆಯ ಮಾತು ಆಡುತ್ತಿದ್ದರು. ದೊಡ್ಡ ಬಂದೂಕು ಹೆಗಲ ಮೇಲೆ ಇಟ್ಟುಕೊಂಡು ಊರೊಳಗೆ ನಡೆಯುವ ಆಸೆ ಎಲ್ಲರಿಗೂ. ಮಾನಪ್ಪ ತಲೆ ಅಲ್ಲಾಡಿಸುತ್ತಿದ್ದ. ಇಬ್ಬರು ಮೂವರು ಉಣ್ಣುವ ಮನೆಗೆ ಮೊಲ ಸಾಕು, ಗೌಜಲಹಕ್ಕಿ ಸಾಕು, ಅದಕ್ಕೆ ತೆಳ್ಳನೆಯ ನಳಿಗೆ ಸಾಕು ಅನ್ನುತ್ತಿದ್ದ. ಅವನ ಹತ್ತಿರ ಮೂರು ಬಗೆಯ ನಳಿಗೆ ಇದ್ದವಂತೆ. ಹೆಬ್ಬೆರಳು ಹೋಗುವಷ್ಟು ದಪ್ಪದ್ದು ಹಂದಿಗೆ. ಕಿರುಬೆರಳು ಹೋಗುವಷ್ಟು ದಪ್ಪದ್ದು ಚಿಗರಿಗೆ. ಮೂರನೆಯದರೊಳಗೆ ಯಾವ ಬೆರಳೂ ಹೋಗದು, ತೊಗರಿಕಾಳು ಹೋಗುತ್ತಿತ್ತು. ಅದು ಮೊಲಕ್ಕೆ, ಹಕ್ಕಿಗೆ, ಬನ್ನಿ ಹಬ್ಬದ ದಿನ ಮರಕ್ಕೆ ತೂಗುಹಾಕುವ ನಿಂಬೆಹಣ್ಣಿಗೆ.

"ದೊಡ್ಡ ಬಂದೂಕ ಸಣ್ಣ ಪ್ರಾಣೀನ ಹಾಳ ಮಾಡತೈತಿ. ಸಣ್ಣ ಬಂದೂಕ ದೊಡ್ಡ ಪ್ರಾಣೀನ ಹಾಳ ಮಾಡತೈತಿ," ಅನ್ನುತ್ತಿದ್ದನಂತೆ. ಹೆಬ್ಬೆರಳ ಬಂದೂಕಿನಿಂದ ಮೊಲ ಹೊಡೆದರೆ ಮನೆಗೆ ತರಲು ಕಿವಿ ಮಾತ್ರ ಉಳಿಯುತ್ತದೆ. ತೊಗರಿಕಾಳಿನಿಂದ ಹಂದಿ ಹೊಡೆದರೆ ಹಂದಿ ಸಾಯುವುದಿಲ್ಲ, ಬದುಕುವುದೂ ಇಲ್ಲ.

ಆ ತೊಗರಿಕಾಳು ಬಂದೂಕುಗಳಲ್ಲಿ ಅವನು ಯಾರಿಗೂ ಕೊಡದೆ ಇಟ್ಟುಕೊಂಡದ್ದು ಒಂದೇ. ಅದರ ನಳಿಗೆಯೊಳಗೆ ಸುರುಳಿ ಸುರುಳಿಯಾಗಿ ಗೆರೆ ಕೊರೆದಿದ್ದ. ಒಂದು ಮಳೆಗಾಲ ಕೊರೆದ, ಒಂದು ಚಳಿಗಾಲ ಕೊರೆದ. ಗುಂಡು ಆ ಗೆರೆ ಹಿಡಿದು ಬುಗುರಿಯ ಹಾಗೆ ಸುತ್ತುತ್ತಾ ಹೊರಡುತ್ತಿತ್ತು. ಸುತ್ತುವ ಬುಗುರಿ ವಾಲುವುದಿಲ್ಲವಲ್ಲ, ಹಾಗೆ ಗುಂಡೂ ವಾಲುತ್ತಿರಲಿಲ್ಲ. ಹೆಗಲಿಗೆ ಒದೆಯುತ್ತಿರಲಿಲ್ಲ. ಸದ್ದು ಎಷ್ಟು ಅಂದರೆ, ಒಣಗಿದ ತೊಗರಿಕಾಯಿ ಬಿಸಿಲಿಗೆ ಸಿಡಿದಷ್ಟು. ಹಾರುವ ಜೇನುನೊಣದ ರೆಕ್ಕೆ ಕತ್ತರಿಸುತ್ತಿತ್ತು ಅಂತಾರೆ ಕೆಲವರು. ಅಷ್ಟು ನಾನು ನಂಬುವುದಿಲ್ಲ. ನಿಂಬೆಹಣ್ಣು ಕಟ್ಟಿದ ದಾರ ಕಡಿಯುತ್ತಿತ್ತು ಅಂದರೆ ನಂಬುತ್ತೇನೆ.

ಇನ್ನು ಗುಡ್ಡದ ಮಾತು. ಗುಡ್ಡದಲ್ಲಿ ಯಾರಾದರೂ ಬಂದೂಕು ಹಾರಿಸಿ, ಪ್ರಾಣಿ ಅಲ್ಲೇ ಬಿದ್ದರೆ ಓಗುಡ್ಡ ಆ ಸದ್ದನ್ನು ತಿರುಗಿ ಕೊಡುತ್ತಿತ್ತಂತೆ. ಗುರಿ ತಪ್ಪಿ ಗುಂಡು ಮಣ್ಣಿಗೆ ಹೋದರೂ ಕೊಡುತ್ತಿತ್ತು. ಪ್ರಾಣಿ ಗಾಯ ಹೊತ್ತುಕೊಂಡು ಓಡಿಹೋದರೆ ಮಾತ್ರ ಕೊಡುತ್ತಿರಲಿಲ್ಲ. ಮುಗಿದದ್ದನ್ನು ಕೊಡುತ್ತದೆ, ಮುಗಿಯದ್ದನ್ನು ಇಟ್ಟುಕೊಳ್ಳುತ್ತದೆ ಅಂತಾರೆ ಹಿರಿಯರು. ಬೇಟೆಯ ದಿನ ಮಾನಪ್ಪ ಕುಲುಮೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಒಂದು ಸದ್ದು, ಹಿಂದೆಯೇ ಗುಡ್ಡದ ಸದ್ದು. ಸರಿ, ಒಳಗೆ ಹೋಗಿ ಕೆಲಸ ಹಿಡಿಯುತ್ತಿದ್ದ. ಒಂದು ಸದ್ದು ಬಂದು ಗುಡ್ಡ ಸುಮ್ಮನಾಯಿತೋ, ಕೆಂಪಗೆ ಕಾದ ಕಬ್ಬಿಣವನ್ನು ಹಾಗೇ ಬಿಟ್ಟು ನೀರಿನ ಸೋರೆಬುರುಡೆ ಹಿಡಿದು ಹೊರಡುತ್ತಿದ್ದ. ಹೊಡೆದವನನ್ನು ಹುಡುಕಿ, "ನಡೀರಿ, ಹುಡುಕೂಣು" ಅನ್ನುತ್ತಿದ್ದ. ಬೈಯುತ್ತಿರಲಿಲ್ಲ. ರಕ್ತದ ಹನಿ ಹಿಡಿದು ಹೊತ್ತು ಮುಳುಗುವ ತನಕ ನಡೆದು, ಪ್ರಾಣಿಯನ್ನು ಕಂಡು ಮುಗಿಸಿಯೇ ಇಳಿಯುವುದು. ಆಗ ಗುಡ್ಡ ಎರಡೂ ಸದ್ದನ್ನು ಒಟ್ಟಿಗೆ ತಿರುಗಿ ಕೊಡುತ್ತಿತ್ತಂತೆ.

ಗುಡ್ಡ ಇಳಿಯುವಾಗ ಮಾನಪ್ಪ ಹೆಂಡತಿಗೆ ಒಂದು ಕೂಗು ಹಾಕುತ್ತಿದ್ದ. "ಕಾಳೀ!" ಹೆಂಡತಿ ಕಾಳವ್ವ ಆ ಕೂಗು ಕೇಳಿ ಒಲೆ ಹಚ್ಚುತ್ತಿದ್ದಳು. ಅವನು ಮನೆ ಮುಟ್ಟುವ ಹೊತ್ತಿಗೆ ರೊಟ್ಟಿ ಬಿಸಿ. ಮಕ್ಕಳಿರಲಿಲ್ಲ ಅವರಿಗೆ. ಇಬ್ಬರೇ.

ಊರ ಗೌಡರಿಗೆ ಒಬ್ಬನೇ ಮಗ, ಹಂಪನಗೌಡ. ಕೆಟ್ಟವನಲ್ಲ. ಉಣ್ಣಲಿಕ್ಕೆ ಬಂದವರಿಗೆ ಉಣ್ಣಲಿಕ್ಕೆ ಇಡುವ ಮನೆಯವನು. ಆದರೆ ಹೊಗಳಿಸಿಕೊಳ್ಳುವ ಚಟ. ಅವನು ಒಂದು ದಿನ ನಾಲ್ಕು ಮಂದಿ ಗೆಳೆಯರನ್ನು ಕಟ್ಟಿಕೊಂಡು ಕುಲುಮೆಗೆ ಬಂದ.

"ಮಾನಪ್ಪ, ಆ ಸಣ್ಣ ಬಂದೂಕ ನನಗ ಬೇಕು."

"ಯಾತಕ್ಕ ಬೇಕ್ರಿ?"

"ಬನ್ನಿ ಹಬ್ಬಕ್ಕ ನಿಂಬಿಹಣ್ಣ ಹೊಡಿಯಾಕ. ಬ್ಯಾಸಗ್ಯಾಗ ಒಂದೆರಡು ಮೊಲ."

"ಮತ್ತೇನೂ ಇಲ್ಲಲ್ರಿ?"

"ಮತ್ತೇನೈತಿ ಅದರಾಗ? ತೊಗರಿಕಾಳಿಗೆ ಹುಲಿ ಸಾಯತೈತೇನು?" ಅಂದು ಗೆಳೆಯರ ಕಡೆ ನೋಡಿ ನಕ್ಕ.

"ಸಾಯೂದಿಲ್ರಿ. ಅದಕ್ಕ ಕೇಳಿದೆ," ಅಂದ ಮಾನಪ್ಪ.

ಅಳತೆ ಶುರುವಾಯಿತು. ಬಂದೂಕಿನ ಹಿಂದುಗಡೆಯನ್ನು ಅವನ ಮೊಣಕೈ ಮಡಿಕೆಯಲ್ಲಿ ಇಟ್ಟು ನೋಡಿದ. ತೋರುಬೆರಳು ಗುಂಡು ಹಾರಿಸುವ ಕುದುರೆಗೆ ಸರಿಯಾಗಿ ಮುಟ್ಟಿತು. ಬಂದೂಕನ್ನು ಒಂದೇ ಬೆರಳ ಮೇಲೆ ತೂಗಿಸಿ, ಆ ಜಾಗವನ್ನು ಅವನ ಎಡಗೈಗೆ ಕೊಟ್ಟ. ನಡುಗಲಿಲ್ಲ. ಕಡೆಗೆ ಕಾಳವ್ವನ ಒಂದು ಗಾಜಿನ ಬಳೆ ತರಿಸಿ ಅವನ ಕೈಗೆ ಕೊಟ್ಟು, ಎರಡೂ ಕಣ್ಣು ತೆರೆದು ಬಳೆಯೊಳಗಿಂದ ಗುಡ್ಡದ ನೆತ್ತಿಯ ಕಲ್ಲು ನೋಡಿರಿ, ಆಮೇಲೆ ಒಂದೊಂದೇ ಕಣ್ಣು ಮುಚ್ಚಿರಿ ಅಂದ. ಯಾವ ಕಣ್ಣಿಗೆ ಕಲ್ಲು ಬಳೆಯೊಳಗೇ ಉಳಿಯುತ್ತದೋ ಅದು ಗುರಿಯ ಕಣ್ಣು. ಹಂಪನಗೌಡನದು ಬಲಗಣ್ಣು. ಎಲ್ಲ ಸರಿ ಇತ್ತು.

ಒಂದೇ ಒಂದು ಸರಿ ಇರಲಿಲ್ಲ. ಬಳೆ ಎತ್ತುವ ಮೊದಲು ಹಂಪನಗೌಡ ಗುಡ್ಡವನ್ನು ನೋಡಲಿಲ್ಲ, ತನ್ನನ್ನು ಯಾರು ನೋಡುತ್ತಿದ್ದಾರೆ ಅಂತ ನೋಡಿದ. ಮಾನಪ್ಪನ ಕಣ್ಣಿಗೆ ಅದು ಬಿತ್ತು. ಬಿದ್ದರೂ ಕೊಟ್ಟ. ಗೌಡರ ಮಗ ಅಂತ ಕೊಟ್ಟನೋ, ತಾನು ಮಳೆಗಾಲ ಚಳಿಗಾಲ ಕೂತು ಕೊರೆದ ಬಂದೂಕನ್ನು ನಾಲ್ಕು ಜನ ಹೊಗಳಿದರಲ್ಲ, ಆ ಖುಷಿಗೆ ಕೊಟ್ಟನೋ. ಕೊಟ್ಟ.

ಮೂರು ಬನ್ನಿ ಹಬ್ಬ ಹಂಪನಗೌಡನೇ ನಿಂಬೆಹಣ್ಣು ಹೊಡೆದ. ಊರೆಲ್ಲ ಹೊಗಳಿತು. ಮೂರನೆಯ ಬನ್ನಿ ಕಳೆದು ಬೇಸಿಗೆ ಬಂತು. ಮಟಮಟ ಮಧ್ಯಾಹ್ನ. ನಾಯಿಗಳು ಸಹ ನೆರಳು ಬಿಟ್ಟು ಏಳದ ಹೊತ್ತು. ಮಾನಪ್ಪ ಕುಲುಮೆಯಲ್ಲಿ ಕುಡ ಬಡಿಯುತ್ತಿದ್ದ. ಗುಡ್ಡದಿಂದ ಟಪ್ ಅಂತ ಒಂದು ಸದ್ದು ಬಂತು. ತನ್ನ ಬಂದೂಕಿನ ಸದ್ದು ಅವನಿಗೆ ಗೊತ್ತಾಗದೇ? ಸುತ್ತಿಗೆ ಎತ್ತಿದವನು ಎತ್ತಿದ ಹಾಗೇ ನಿಂತ. ಗುಡ್ಡದ ಸದ್ದಿಗೆ ಕಾದ.

ಬರಲಿಲ್ಲ.

ಬುರುಡೆ ಹಿಡಿದು ಓಡಿದ. ಗುಡ್ಡದ ಹಾದಿಯಲ್ಲಿ ಹಂಪನಗೌಡ ಒಬ್ಬನೇ ಇಳಿದು ಬರುತ್ತಿದ್ದ. ಬೆವರು ಸುರಿಯುತ್ತಿತ್ತು, ತುಟಿ ಒಣಗಿತ್ತು.

"ಏನ ಹೊಡದ್ರಿ ಸಣ್ಣ ಗೌಡ್ರ?"

"ಮೊಲ. ತಪ್ಪತು."

"ತಪ್ಪಿದ್ರ ಗುಡ್ಡ ಕೊಡತೈತ್ರಿ."

"ಗುಡ್ಡ ನನ್ನ ಮ್ಯಾಲೆ ಸಾಕ್ಷಿ ಹೇಳತೈತೇನು? ತಪ್ಪತು ಅಂದೆ. ಹಾದಿ ಬಿಡು."

ಮಾನಪ್ಪ ಮತ್ತೆ ಕೇಳಿದ. ಮತ್ತೆ ಅದೇ ಉತ್ತರ. ಮೂರನೆಯ ಸಲ ಕೇಳಿದಾಗ ಹಂಪನಗೌಡ ಕೈ ಎತ್ತಿದನಂತೆ, ಹೊಡೆಯಲಿಲ್ಲ, ಇಳಿದು ಹೋದ. ಮಾನಪ್ಪ ಒಬ್ಬನೇ ಹತ್ತಿ ಸಂಜೆಯ ತನಕ ಹುಡುಕಿದ. ಬಂಡೆ ಕಾದು ರಕ್ತ ಬಿದ್ದಿದ್ದರೂ ಕಪ್ಪಾಗಿ ಕಲ್ಲಿನ ಬಣ್ಣಕ್ಕೆ ಕೂಡಿಹೋಗುವ ಕಾಲ. ಏನೂ ಸಿಗಲಿಲ್ಲ.

ಎಂಟು ದಿನ ಸುಮ್ಮನೆ ಕಳೆದವು. ಒಂಬತ್ತನೆಯ ದಿನ ಮಧ್ಯಾಹ್ನ ಗುಡ್ಡದಿಂದ ಟಪ್ ಅಂತ ಸದ್ದು ಬಂತು. ಊರ ಬಂದೂಕುಗಳೆಲ್ಲ ಗೂಟದಲ್ಲಿದ್ದವು. ಹಂಪನಗೌಡ ಪಡಸಾಲೆಯಲ್ಲಿ ಮಲಗಿದ್ದ. ಗುಡ್ಡದಲ್ಲಿ ಹೊಡೆಯುವವರು ಯಾರೂ ಇರಲಿಲ್ಲ. ಬಂದೂಕು ಹಾರಿದರೆ ಹಕ್ಕಿಗಳು ಏಳುತ್ತವೆ, ಅಲ್ಲವೇ? ಆ ಸದ್ದಿಗೆ ಒಂದು ಹಕ್ಕಿಯೂ ಏಳಲಿಲ್ಲವಂತೆ. ಆಲದ ಮರದಲ್ಲಿ ಕೂತ ಗಿಣಿಗಳು ಕೂತೇ ಇದ್ದವು. ಮನುಷ್ಯರಿಗೆ ಮಾತ್ರ ಕೇಳಿತು. ಅವತ್ತು ಕುರಿಹಟ್ಟಿಯ ಕಾವಲು ನಾಯಿ ಮರಳಿ ಬರಲಿಲ್ಲ.

ಮತ್ತೆ ಐದು ದಿನಕ್ಕೆ ಸದ್ದು. ಎರಡು ಕುರಿ ಹೋದವು. ಗುಡ್ಡ ಇಟ್ಟುಕೊಂಡ ಸದ್ದನ್ನು ತಾನೇ ತೆಗೆದು ನೋಡುತ್ತಿದೆ ಅಂದರು ಮುದುಕರು. ಅದು ಹಂಪನಗೌಡನ ಸಣ್ಣ ಬಂದೂಕಿನ ಸದ್ದು ಅಂತ ಊರಿಗೇ ಗೊತ್ತಾಗಿತ್ತು. ಮಧ್ಯಾಹ್ನವಾದರೆ ಊರು ಕದ ಹಾಕಿಕೊಳ್ಳತೊಡಗಿತು. ಮಕ್ಕಳಿಗೆ ಕೂಗಬೇಡಿ ಅಂದರು. ಬಾವಿಯ ರಾಟೆಗೆ ಎಣ್ಣೆ ಬಿಟ್ಟು ಅದರ ಕಿರುಚಾಟವನ್ನೂ ನಿಲ್ಲಿಸಿದರಂತೆ, ಗುಡ್ಡಕ್ಕೆ ಏನೂ ಕೇಳಿಸದಿರಲಿ ಅಂತ.

ಮೂರನೆಯ ಸದ್ದಿನ ದಿನ ಕುರಿ ಕಾಯುವ ಬೀರಪ್ಪ ಗುಡ್ಡದಲ್ಲೇ ಇದ್ದ. ಅವನ ಹೆಂಡತಿ ಲಗುಮವ್ವ ಬುತ್ತಿ ಹೊತ್ತು ಹೋದಾಗ ಕುರಿಗಳೆಲ್ಲ ಒಂದೇ ಕಡೆ ಮುಖ ಮಾಡಿ ನಿಂತಿದ್ದವಂತೆ. ಒಂದೂ ಅರಚುತ್ತಿರಲಿಲ್ಲ. ಅವು ನೋಡುತ್ತಿದ್ದ ಕಡೆ ಅವಳೂ ನೋಡಿದಳು. ಬೀರಪ್ಪನ ಕಂಬಳಿ ಇತ್ತು. ಕಂಬಳಿಯ ಆಚೆ ಬೀರಪ್ಪ ಇದ್ದ. ಇದ್ದ ಅಂದರೆ, ಮಣ್ಣು ಮಾಡಲಿಕ್ಕೆ ಬೇಕಾಗುವಷ್ಟು ಇದ್ದ.

ಮಣ್ಣು ಮಾಡಿದ ಮರುದಿನ ಲಗುಮವ್ವ ಆ ಕಂಬಳಿ ತಂದು ಚಾವಡಿಯಲ್ಲಿ ಹಂಪನಗೌಡನ ಮುಂದೆ ಹಾಸಿದಳು. ಊರು ಸೇರಿತ್ತು. ಹಿರಿಯ ಗೌಡರೂ ಇದ್ದರು. ಅವಳು ಅಳಲಿಲ್ಲವಂತೆ.

"ಸಣ್ಣ ಗೌಡ್ರ, ನನ್ನ ಗಂಡ ಹೋದ. ಅಂವ ಹೊಳ್ಳಿ ಬರೂದಿಲ್ಲ. ಅದನ್ನ ಕೇಳಾಕ ನಾ ಬಂದಿಲ್ಲ. ನಾಳೆ ನನ್ನ ಮೈದುನ ಕುರಿ ಹೊಡಕೊಂಡು ಅದ ಹಾದಿ ಹಿಡಿಬೇಕು. ಗುಡ್ಡದಾಗ ಏನೈತಿ? ಅಷ್ಟ ಹೇಳ್ರಿ. ಸಾಕು."

ಹಂಪನಗೌಡ ಕಂಬಳಿ ನೋಡಿದ. ಅಪ್ಪನ ಮುಖ ನೋಡಿದ. ಮತ್ತೆ ಕಂಬಳಿ ನೋಡಿದ. ಆಮೇಲೆ ಒಂದೊಂದೇ ಮಾತು ಹೊರಬಂತು. ಮೊಲಕ್ಕೆ ಅಂತಲೇ ಹೋಗಿದ್ದ. ಮೇಲಿನ ಹೊಂಡದಲ್ಲಿ ಚಿರತೆ ನೀರು ಕುಡಿಯುತ್ತಿತ್ತು. ಹೆಣ್ಣು ಚಿರತೆ. ತೊಗರಿಕಾಳಿನಲ್ಲಿ ಚಿರತೆ ಹೊಡೆದ ಅಂತ ಏಳು ಹಳ್ಳಿ ಹೇಳುತ್ತದೆ ಅನ್ನಿಸಿತು. ಹೊಡೆದ. ಸೊಂಟಕ್ಕೆ ತಾಗಿತು. ಅದು ಬೀಳಲಿಲ್ಲ, ಓಡಲೂ ಇಲ್ಲ. ತಿರುಗಿ ಅವನ ಮುಖವನ್ನು ನೋಡಿತು. ಬಹಳ ಹೊತ್ತು ನೋಡಿತು. ಮರುಗುಂಡು ತುಂಬಲು ಕೈ ಏಳಲಿಲ್ಲ. ಇಳಿದು ಬಂದುಬಿಟ್ಟ. ಕೇಳಿದಾಗ ತಪ್ಪಿತು ಅಂದ. ಒಮ್ಮೆ ಅಂದ ಮೇಲೆ ಅದನ್ನೇ ಅನ್ನಬೇಕಾಯಿತು.

ಲಗುಮವ್ವ ಕಂಬಳಿ ಮಡಚಿ ಎದೆಗೆ ಅವಚಿಕೊಂಡಳು. ಮಾನಪ್ಪ ಎದ್ದು ನಿಂತ.

"ಬಂದೂಕ ಆರಿಸ್ಕೊಟ್ಟಾಂವ ನಾನು, ತಂಗಿ. ಕೊಡಬಾರದಿತ್ತು ಅಂತ ಅವತ್ತ ಗೊತ್ತಿತ್ತು ನನಗ. ನಾ ಹೋಗತೀನಿ."

ಮನೆಗೆ ಬಂದು ಕಾಳವ್ವನಿಗೆ ಹೇಳಿದ. ಬೇಡ ಅನ್ನಲಿಲ್ಲ ಅವಳು. ಬೇಡ ಅಂದರೆ ನಿಲ್ಲುವ ಗಂಡನಲ್ಲ ಅಂತ ಗೊತ್ತು.

"ಇಳಿಯುವಾಗ ಕೂಗ ಹಾಕ್ರಿ. ಒಲಿ ಹಚ್ಚತೀನಿ," ಅಂದಳು. ಅಷ್ಟೇ.

ಹಿರಿಯ ಗೌಡರು ಹೆಬ್ಬೆರಳ ಬಂದೂಕು ಕೊಟ್ಟು ಕಳಿಸಿದರು. ಹಂಪನಗೌಡ ಸಣ್ಣ ಬಂದೂಕು ಹಿಡಿದು ಹಿಂದೆ ನಡೆದ. ಹೊಂಡದ ಹತ್ತಿರ ಹೆಜ್ಜೆ ಸಿಕ್ಕಿತು. ಮೂರು ಕಾಲಿನ ಹೆಜ್ಜೆ, ನಾಲ್ಕನೆಯದು ಎಳೆದ ಗೆರೆ. ಗೆರೆ ಹಿಡಿದು ಹೋದರೆ ಬಂಡೆಗಳ ಸಂದಿಯಲ್ಲಿ ಒಂದು ಗವಿ. ಗವಿಯ ಬಾಯಿ ಎಷ್ಟೆಂದರೆ ಒಬ್ಬ ಮನುಷ್ಯ ಹೊಟ್ಟೆಯ ಮೇಲೆ ತೆವಳಿ ಹೋಗುವಷ್ಟು. ಒಳಗಿನಿಂದ ಕೊಳೆತ ಗಾಯದ ವಾಸನೆ ಬರುತ್ತಿತ್ತಂತೆ. ಸದ್ದು ಏನೂ ಇಲ್ಲ. ಗವಿಯ ಬಾಯಲ್ಲಿ ನಿಂತರೆ ತಮ್ಮ ಉಸಿರೂ ತಮಗೆ ಕೇಳುತ್ತಿರಲಿಲ್ಲ ಅಂತಾರೆ.

ಮಾನಪ್ಪ ಎರಡೂ ಬಂದೂಕನ್ನು ಪಕ್ಕಪಕ್ಕ ಇಟ್ಟು ನೋಡಿದ. ಎಲ್ಲರಿಗೂ ಆರಿಸಿ ಕೊಟ್ಟವನು ತನಗೆ ಅಂತ ಆರಿಸಿಕೊಂಡದ್ದು ಅದೇ ಮೊದಲು. ದೊಡ್ಡದು ಆ ಸಂದಿಯಲ್ಲಿ ತಿರುಗದು, ತಿರುಗಿದರೂ ಅದರ ಹೊಡೆತಕ್ಕೆ ಮೇಲಿನ ಕಲ್ಲು ಉದುರೀತು. ಸಣ್ಣದನ್ನು ಎತ್ತಿಕೊಂಡ.

"ಇಲ್ಲಿ ಇದ ಸರಿ. ಕೈಯಳತಿ ದೂರದಾಗ, ಕಣ್ಣಿಗೆ, ತೊಗರಿಕಾಳು ಸಾಕು."

ಹಂಪನಗೌಡ ಅವನ ತೋಳು ಹಿಡಿದುಕೊಂಡ. ಅದುವರೆಗೆ ಹೆಸರು ಹಿಡಿದು ಕರೆಯುತ್ತಿದ್ದವನು.

"ಕಾಕಾ, ನಾ ಹೋಗತೀನಿ. ನಾ ಮಾಡಿದ್ದು."

"ನೀವು ಹೊಡಿಯಾಕ ಹೋಗತೀರಿ. ನಾ ಮುಗಸಾಕ ಹೋಗತೀನಿ. ಎರಡೂ ಬ್ಯಾರೆ ಬ್ಯಾರೆ. ಇಲ್ಲೇ ನಿಂದರ್ರಿ. ಏನ ಕೇಳತೈತಿ, ಕೇಳಿದ್ದ ಕೇಳಿದಂಗ ಊರಾಗ ಹೇಳ್ರಿ. ಕೂಡಿಸಬ್ಯಾಡ್ರಿ, ಕಳೀಬ್ಯಾಡ್ರಿ."

ಒಂದೇ ಗುಂಡು ತುಂಬಿದ, ಕಿಡಿ ಹೊತ್ತಿಸುವ ಕೇಪು ಇಟ್ಟ, ತಲೆ ಒಳಗೆ ಹಾಕಿ ತೆವಳಿದ. ಅವನ ಪಾದ ಕಾಣದಾಯಿತು.

ಹಂಪನಗೌಡ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದನಂತೆ, ಅದಕ್ಕೇ ನಮಗೂ ಗೊತ್ತು. ಮೊದಲು ಏನೂ ಇಲ್ಲ. ಮಧ್ಯಾಹ್ನವಾಗಿ ನೆರಳು ಕಾಲ ಬುಡಕ್ಕೆ ಬಂತು. ಆಮೇಲೆ ಒಳಗೆ ಮಾನಪ್ಪನ ಮಾತು ಕೇಳಿತು, ಯಾರಿಗೋ ಸಮಾಧಾನ ಹೇಳುವ ದನಿ. ಬಾಣಂತಿ ದನದ ಹತ್ತಿರ ಹೋಗುವಾಗ ಆಡುತ್ತೇವಲ್ಲ, ಅಂಥ ದನಿ. ಆಮೇಲೆ ಟಪ್ ಅಂತ ಒಂದು ಸದ್ದು. ತಕ್ಷಣ ಓಗುಡ್ಡ ಆ ಸದ್ದನ್ನು ತಿರುಗಿ ಕೊಟ್ಟಿತು. ಅದರ ಹಿಂದೆ ಇನ್ನೊಂದು ಕೊಟ್ಟಿತು, ಹಳೆಯದು. ಗುಡ್ಡದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಬಿಸಿಲು ಮಬ್ಬಾಗುವಷ್ಟು ಹಕ್ಕಿ.

ಮಾನಪ್ಪ ಕಾಲು ಮುಂದಾಗಿ ಹೊರಗೆ ಬಂದ. ಮೈಮೇಲೆ ಒಂದು ಗೀರೂ ಇರಲಿಲ್ಲ. ಬಂದೂಕನ್ನು ಒಳಗೇ ಬಿಟ್ಟು ಬಂದಿದ್ದ. ಎದ್ದು ಧೂಳು ಕೊಡವಿಕೊಂಡ. ಕೊಡವಿದ್ದು ಕಾಣಿಸಿತು, ಕೇಳಿಸಲಿಲ್ಲ. ಬಾಯಿ ತೆರೆದು ಏನೋ ಹೇಳಿದ. ತುಟಿ ಆಡಿತು, ಮಾತು ಬರಲಿಲ್ಲ. ಗಂಟಲು ಹಿಡಿದುಕೊಂಡು ಮತ್ತೆ ಹೇಳಿದ. ಬರಲಿಲ್ಲ. ಕೈ ತಟ್ಟಿದ. ಅಂಗೈಗೆ ಅಂಗೈ ಬಡಿದದ್ದನ್ನು ಹಂಪನಗೌಡ ಕಣ್ಣಾರೆ ಕಂಡ, ಸದ್ದು ಮಾತ್ರ ಇಲ್ಲ. ಇಟ್ಟುಕೊಂಡದ್ದನ್ನು ಗುಡ್ಡ ಬಿಟ್ಟುಕೊಟ್ಟಿತ್ತು. ಅದರ ಬದಲು ಮಾನಪ್ಪನ ಸದ್ದನ್ನೆಲ್ಲ ಇಟ್ಟುಕೊಂಡಿತ್ತು.

ಕಾಳವ್ವ ಕೂಗು ಬರಲಿ ಅಂತ ಒಲೆಯ ಮುಂದೆ ಕೂತಿದ್ದಳು. ಬೆನ್ನ ಹಿಂದೆ ಇದ್ದಲಿನ ವಾಸನೆ ಬಂದು ತಿರುಗಿದಳು. ಗಂಡ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಎಷ್ಟು ಸಲ ಕರೆದಿದ್ದನೋ. ಒಲೆ ತಣ್ಣಗಿತ್ತು.

ಚಿರತೆಯನ್ನು ಹಂಪನಗೌಡನೇ ಹಗ್ಗ ಕಟ್ಟಿ ಎಳೆದು ತಂದ. ಎಲುಬಿನ ಗೂಡಾಗಿತ್ತು. ಸೊಂಟದ ಗಾಯದಲ್ಲಿ ಹುಳ. ಒಂದು ಕಣ್ಣಿನಲ್ಲಿ ತೊಗರಿಕಾಳಿನಷ್ಟು ತೂತು. ಲಗುಮವ್ವ ಬಂದು ಬಹಳ ಹೊತ್ತು ನೋಡಿ, "ಇದೂ ಉಪಾಸ ಇತ್ತು, ಪಾಪ," ಅಂದಳಂತೆ.

ಆಮೇಲೆ ಮಾನಪ್ಪ ಹನ್ನೊಂದು ವರ್ಷ ಬದುಕಿದ. ಸುತ್ತಿಗೆ ಎತ್ತಿ ಕುಲುಮೆಯ ಅಡಿಗಲ್ಲಿಗೆ ಬಡಿದರೆ ಕಿಡಿ ಹಾರುತ್ತಿತ್ತು, ಸದ್ದು ಇಲ್ಲ. ಒಣಗಿದ ಎಲೆಯ ಮೇಲೆ ನಡೆದರೆ ಎಲೆ ಪುಡಿಯಾಗುತ್ತಿತ್ತು, ಸದ್ದು ಇಲ್ಲ. ಗಂಡ ಯಾವಾಗ ಒಳಗಿದ್ದಾನೆ, ಯಾವಾಗ ಹೊರಗಿದ್ದಾನೆ ತಿಳಿಯದೆ ಕಾಳವ್ವ ಅವನ ಕಾಲಿಗೆ ಎತ್ತಿನ ಗೆಜ್ಜೆ ಕಟ್ಟಿದಳಂತೆ. ಅವಳ ಕೈಯಲ್ಲಿ ಘಲ್ ಅಂದ ಗೆಜ್ಜೆ ಅವನ ಕಾಲಿಗೆ ಬಿದ್ದ ಕೂಡಲೇ ಸುಮ್ಮನಾಯಿತು. ಬಿಚ್ಚಿದಳು, ಘಲ್ ಅಂದಿತು. ಮತ್ತೆ ಕಟ್ಟಲಿಲ್ಲ. ಅವನು ಹೊಲದಲ್ಲಿ ನಡೆದರೆ ಮೊಲಗಳು ಓಡುತ್ತಿರಲಿಲ್ಲ, ಕಾಲ ಹತ್ತಿರವೇ ಮೇಯುತ್ತಿದ್ದವು. ಕೈ ಚಾಚಿದರೆ ಕಿವಿ ಸಿಗುತ್ತಿತ್ತು. ಆದರೆ ಅವನು ಮತ್ತೆ ಬೇಟೆಯಾಡಲಿಲ್ಲ. ಕೇಳಿಸದೆ ಬರುವವನು ಕೊಲ್ಲಬಾರದು ಅಂದುಕೊಂಡನೋ ಏನೋ, ತುಟಿಯಲ್ಲೂ ಅದನ್ನು ಹೇಳಲಿಲ್ಲ. ನಾಯಿಗಳಿಗೆ ಮಾತ್ರ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಬಾಲ ಮುದುರಿ ಗೋಡೆಗೆ ಸರಿಯುತ್ತಿದ್ದವಂತೆ.

ಬಂದೂಕು ಆರಿಸಲು ಜನ ಬರುತ್ತಲೇ ಇದ್ದರು. ಅವನ ತುಟಿ ನೋಡಿ ಮಾತು ಹೇಳುವವನು ಹಂಪನಗೌಡ. ಹೌದು, ಗೌಡರ ಮಗ ಕಮ್ಮಾರನ ಕುಲುಮೆಯಲ್ಲಿ ಕೂತು ತಿದಿ ಒತ್ತಿದ. ಹಿರಿಯ ಗೌಡರು ಮೊದಲು ಬೈದರು, ಆಮೇಲೆ ಸುಮ್ಮನಾದರು. ಲಗುಮವ್ವ ಸಂತೆಗೆ ಹೋಗುವಾಗೊಮ್ಮೆ ಕುಲುಮೆಯ ಮುಂದೆ ನಿಂತು ಹಂಪನಗೌಡ ಇದ್ದಾನೆಯೇ ಅಂತ ನೋಡುತ್ತಿದ್ದಳಂತೆ. ಇರುತ್ತಿದ್ದ. ನೋಡಿ ಹೋಗುತ್ತಿದ್ದಳು. ಹನ್ನೊಂದು ವರ್ಷ ಅವನ ಸಂಗಡ ಮಾತಾಡಲಿಲ್ಲ.

ಒಂದು ಮಧ್ಯಾಹ್ನ ಕಿಡಿ ಹಾರುವುದು ನಿಂತಿತು. ಹಂಪನಗೌಡ ತಿದಿ ಬಿಟ್ಟು ನೋಡಿದ. ಮಾನಪ್ಪ ಅಡಿಗಲ್ಲಿಗೆ ಒರಗಿ ಹೋಗಿಬಿಟ್ಟಿದ್ದ.

ಮಣ್ಣು ಮಾಡಿದ ಮೂರನೆಯ ದಿನ. ಕಾಳವ್ವನನ್ನು ಅಂಗಳದಲ್ಲಿ ಕೂಡಿಸಿ, ಊರ ಹೆಂಗಸರು ಸುತ್ತ ನಿಂತಿದ್ದರು. ಒಬ್ಬಾಕೆ ಅವಳ ಕೈ ಹಿಡಿದುಕೊಂಡಳು, ಇನ್ನೊಬ್ಬಾಕೆ ಬಳೆ ಒಡೆಯಲು ಕಲ್ಲು ಎತ್ತಿದಳು. ಆಗ ಗುಡ್ಡದಿಂದ ಸದ್ದು ಶುರುವಾಯಿತು.

ಮೊದಲು ಸುತ್ತಿಗೆ. ಒಂದು ಏಟು, ಎರಡು ಏಟು, ಆಮೇಲೆ ಲೆಕ್ಕವಿಲ್ಲದಷ್ಟು, ಹನ್ನೊಂದು ವರ್ಷದ ಏಟು ಒಂದರ ಮೇಲೊಂದು. ಆಮೇಲೆ ಎಲೆ ತುಳಿದ ಸದ್ದು. ಕೆಮ್ಮು. ಕೈ ತಟ್ಟಿದ್ದು. ಗೆಜ್ಜೆ ಒಮ್ಮೆ ಘಲ್ ಅಂದದ್ದು. ಊರ ನಾಯಿಗಳೆಲ್ಲ ಊಳಿಟ್ಟವು. ಎಲ್ಲ ನಿಂತು, ಇನ್ನು ಮುಗಿಯಿತು ಅನ್ನುವಾಗ ಕೂಗು ಬಂತು.

"ಕಾಳೀ!"

ಕಾಳವ್ವ ಕೈ ಕಿತ್ತುಕೊಂಡಳು.

"ಕರಿಯಾಕತ್ತಾರ," ಅಂದಳು. "ಕರಿಯೋ ಗಂಡ ಇದ್ದಾಗ ಬಳಿ ಒಡಿತಾರೇನು?"

ಎದ್ದು ಓಡಿದಳು. ಗುಡ್ಡದ ಬುಡದಲ್ಲಿ ನಿಂತಳು. ಹೆಂಡತಿ ಗಂಡನ ಹೆಸರು ಹೇಳುವ ಕಾಲ ಅದಲ್ಲ. ಹಬ್ಬದಲ್ಲಿ ಒಡಪು ಕಟ್ಟಿ ಹೇಳಬೇಕಾದರೂ ನಾಚುವ ಕಾಲ. ಮದುವೆಯಾದಂದಿನಿಂದ ಆ ಹೆಸರು ಅವಳ ಬಾಯಿಗೆ ಬಂದಿರಲಿಲ್ಲ. ಊರೆಲ್ಲ ಕೇಳುವ ಹಾಗೆ, ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಕೂಗಿದಳಂತೆ.

"ಮಾನಪ್ಪಾ!"

ಗುಡ್ಡ ಆ ಕೂಗನ್ನು ತಿರುಗಿ ಕೊಡಲಿಲ್ಲ. ಅವಳು ಕಾದಳು. ಕೊಡಲಿಲ್ಲ. ಇವತ್ತಿನ ತನಕ ಕೊಟ್ಟಿಲ್ಲ. ಕಾಳವ್ವ ಮನೆಗೆ ಬಂದು ಒಲೆ ಹಚ್ಚಿದಳು. ಸಾಯುವ ತನಕ ಅವಳ ಕೈಯಲ್ಲಿ ಬಳೆ ಇದ್ದವು, ಯಾರೂ ಕೇಳಲಿಲ್ಲ.

ಅಂದಿನಿಂದ ಕವಳಿಹಾಳದಲ್ಲಿ ಒಂದು ಪದ್ಧತಿ. ಬನ್ನಿ ಹಬ್ಬದ ಮರುದಿನ, ಮಧ್ಯಾಹ್ನ. ಬಂದೂಕು ಇರುವ ಮನೆಯ ಗಂಡಸರು ಬಂದೂಕು ಬರಿದು ಮಾಡಿ, ನಳಿಗೆ ನೆಲಕ್ಕೆ ಮಾಡಿ ಗುಡ್ಡದ ಬುಡದಲ್ಲಿ ನಿಲ್ಲುತ್ತಾರೆ. ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದು ತಮ್ಮ ಗಂಡನ ಹೆಸರನ್ನು ಒಂದು ಸಲ ಕೂಗುತ್ತಾರೆ. ಸುತ್ತಲ ಊರವರು ನಗುತ್ತಾರೆ, ಗಂಡನ ಹೆಸರು ಕೂಗುವ ಊರು ಅಂತ. ನಗಲಿ. ಕೂಗು ಮರಳಿ ಬಂದರೆ ಆ ವರ್ಷ ಬೇಟೆಗೆ ಹೋಗಬಹುದು, ಗುರಿ ಹೊಡೆಯಬಹುದು. ಬರದಿದ್ದರೆ ಆ ಮನೆಯ ಬಂದೂಕು ಮುಂದಿನ ಬನ್ನಿಯ ತನಕ ಗೂಟದಿಂದ ಇಳಿಯುವುದಿಲ್ಲ. ಯಾರೂ ಎದುರಾಡುವುದಿಲ್ಲ, ಗೌಡರ ಮನೆಯವರೂ ಆಡುವುದಿಲ್ಲ.

ಆ ಊರಿನವಳೇ ನಾನು, ನಾನೂ ಕೂಗಿದ್ದೇನೆ. ಹದಿನೇಳು ವರ್ಷ ಮರಳಿ ಬಂತು. ಹದಿನೆಂಟನೆಯ ವರ್ಷ ಕೂಗಿದೆ, ಬರಲಿಲ್ಲ. ಮತ್ತೊಮ್ಮೆ ಕೂಗುವ ಹಾಗಿಲ್ಲ. ಮನೆಗೆ ಬಂದು ಬಂದೂಕಿಗೆ ಹಳೆಯ ಸೀರೆ ಸುತ್ತಿ ಗೂಟಕ್ಕೆ ಬಿಗಿದೆ. ನಿಮ್ಮ ಅಜ್ಜ ಆ ವರ್ಷವೆಲ್ಲ ಬೈದರು. ಗೌಜಲಹಕ್ಕಿ ಹೊಲದಲ್ಲೇ ಕೂತು ಕೂಗುತ್ತವೆ ಅಂತ ಬೈದರು, ಯುಗಾದಿಗೆ ಮೊಲ ಇಲ್ಲ ಅಂತ ಬೈದರು, ಗುಡ್ಡದ ಮಾತು ಕೇಳುವ ಹುಚ್ಚಿ ಅಂತ ಬೈದರು. ಹಿತ್ತಲಲ್ಲಿ ಬೈದರೆ ಅಡುಗೆಮನೆಗೆ ಕೇಳುತ್ತಿತ್ತು, ಕಟ್ಟೆಯ ಮೇಲೆ ಬೈದರೆ ಬಾವಿಯ ತನಕ ಕೇಳುತ್ತಿತ್ತು.

ಬೈಯಲಿ ಅಂತ ಸುಮ್ಮನಿದ್ದೆ. ಅವರ ದನಿ ಕೇಳುತ್ತಿತ್ತಲ್ಲ.